ಸೂಜಿಗೂ ಕಿವಿಗೂ ಮೊದಲ ರೊಕ್ಕ ಹಾಕ್ರಿ

ಮೊನ್ನೆ ಅರಿಷಿಣ-ಕುಂಕುಮಕ್ಕ ಬಂದಾಗ ಎದುರುಮನಿ ವೈನಿ ನಮ್ಮ ಪಡಸಾಲ್ಯಾಗ ನಿಂತು ಕೇಳಿದ್ರು, “ಏನ್ರಿ, ಆ ರಿಕಾರ್ಡ್ ತಿರುಗಸೋ ಯಂತ್ರಕ್ಕ ಭಾಳ ರೊಕ್ಕ ಸುರುವಿದ್ರಂತಲ್ಲ? ಮೊಬೈಲಿನ್ಯಾಗ ಎಲ್ಲಾ ಪುಕ್ಕಟ ಬರ್ತದಲ್ಲ?” ಅವ್ರು ಕೇಳಿದ್ದರಾಗ ತಪ್ಪೇನಿಲ್ಲ. ನಮ್ಮ ಮನಿಯವ್ರೂ ಇದನ್ನ ಕೇಳಿದ್ರು. ಅವತ್ತು ಕೈಯಾಗ ಉಡಿ ತುಂಬೋ ತಾಟಿತ್ತು, ಹೇಳಲಿಕ್ಕೆ ಆಗ್ಲಿಲ್ಲ. ಇವತ್ತು ಕುಕ್ಕರ್ ಇಟ್ಟು ಕೂತೀನಿ, ಪೂರಾ ಹೇಳ್ತೀನಿ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಮನ್ಯಾಗ ಹಳೇ ರಿಕಾರ್ಡ್ ಇದ್ರ, ಅವನ್ನ ಕೇಳಲಿಕ್ಕೆ ಒಂದು ಯಂತ್ರ ತಗೊಳ್ಳೋದು ದುಂದುಗಾರಿಕಿ ಅಲ್ಲ. ಆದ್ರ ರೊಕ್ಕ ಎಲ್ಲೆ ಹಾಕಬೇಕು ಅನ್ನೋದನ್ನ ಅಂಗಡಿಯವ್ರಿಗೂ ಮನೀ ಗಂಡಸರಿಗೂ ಬಿಟ್ಟುಕೊಡಬ್ಯಾಡ್ರಿ. ರಿಕಾರ್ಡಿಗೆ ತಾಗೋ ಸೂಜಿ ಒಂದು ತುದಿಗೆ ಅದ, ಕೇಳವ್ರ ಕಿವಿ ಇನ್ನೊಂದು ತುದಿಗೆ ಅದ. ಮೊದಲ ಈ ಎರಡು ತುದಿ ನೋಡ್ರಿ, ನಡುವಿನ ಸಾಮಾನು ಆಮ್ಯಾಲೆ. ಇದನ್ನ ನಾ ಎರಡು ತಪ್ಪು ಮಾಡಿ ಕಲತೀನಿ.

ನಮ್ಮ ಮಾವನೋರಿಗೆ ಈಗ 83. ಸಾಲಿ ಮಾಸ್ತರ ಇದ್ರು. ಪಗಾರದಾಗ ಕಿರಾಣಿ, ಹಾಲು, ಮಕ್ಕಳ ಫೀ ಎಲ್ಲಾ ತಗದು ಉಳಿದದ್ದರಾಗ ಒಂದೊಂದ ರಿಕಾರ್ಡ್ ತಂದು ಕೂಡಿಸ್ಯಾರ. ನಮ್ಮ ಅತ್ತಿಯವ್ರು ಒಂದೊಂದಕ್ಕೂ ಹಳೇ ಧೋತರದ ಬಟ್ಟಿ ಚೀಲ ಹೊಲದು ಇಟ್ಟಿದ್ರು. ಅವ್ರು ಹೋಗಿ ಒಂಬತ್ತು ವರ್ಷ ಆತು. ಚೀಲ ಇನ್ನೂ ಹಂಗ ಅವ.

ಆ ಟ್ರಂಕಿನ್ಯಾಗ ಎರಡು ಥರದ ರಿಕಾರ್ಡ್ ಅವ. ಇದನ್ನ ನೋಡದ ಯಂತ್ರ ತಗೋಬಾರದು. ಒಂದು, ಹಳೇ ಅರಗಿನ ಪ್ಲೇಟು. ಭಾರ ಇರ್ತಾವ, ಕೈ ಜಾರಿದ್ರ ಹಂಚಿನಂಗ ಚೂರಾಗ್ತಾವ. ಮಿನಿಟಿಗೆ 78 ಸುತ್ತು ತಿರುಗ್ತಾವ, 10 ಇಂಚಿನ ಪ್ಲೇಟಿನ ಒಂದು ಮಗ್ಗಲಿಗೆ ಮೂರು ಮಿನಿಟಿನ ಹಾಡು ಅಷ್ಟ. ಇನ್ನೊಂದು, ಎಲ್‌ಪಿ. ಇದನ್ನ 1948ರಾಗ ಅಮೇರಿಕಾದ ಕೊಲಂಬಿಯಾ ಕಂಪನಿಯವ್ರು ತಂದ್ರು. ಪ್ಲಾಸ್ಟಿಕ್ಕಿಂದು, ಮಿನಿಟಿಗೆ 33⅓ ಸುತ್ತು, ಒಂದು ಮಗ್ಗಲಿಗೆ ಇಪ್ಪತ್ತು ಮಿನಿಟಿನ ಮ್ಯಾಲೆ ಹಾಡು ಹಿಡೀತದ. ನಾಯಿ ಗ್ರಾಮಾಫೋನ್ ಮುಂದ ಕೂತ ಎಚ್‌ಎಂವಿ ಚಿತ್ರ ನೀವೆಲ್ಲಾ ನೋಡೀರಿ. ಆ ರಿಕಾರ್ಡ್ ಕಲಕತ್ತಾದ ಡಮ್‌ಡಮ್ ಕಾರ್ಖಾನ್ಯಾಗ ಆಗ್ತಿದ್ವು.

ನಮ್ಮ ಸೀಮಿಯವ್ರಿಗೆ ರಿಕಾರ್ಡ್ ಅಂದ್ರ ಬರೇ ಹಳೇ ಸಾಮಾನಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಎಲ್ಲಾರೂ ನಮ್ಮ ಕಡೆಯವ್ರ. ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿ ರಾಗದ ಠುಮರಿ ರಿಕಾರ್ಡ್ ಗದಗಿನ ಒಂದು ಅಂಗಡ್ಯಾಗ ಕೇಳಿ, ನಾನೂ ಹಿಂಗ ಹಾಡಬೇಕು ಅಂತ 11 ವರ್ಷದ ಹುಡುಗ 1933ರಾಗ ಮನಿ ಬಿಟ್ಟು ಗುರುವನ್ನ ಹುಡುಕಲಿಕ್ಕೆ ಹೋದ. ಅವ್ರ ಮುಂದ ಭೀಮಸೇನ ಜೋಶಿ ಆದ್ರು. ಮಾವನೋರು ಈ ಕಥಿ ಎಷ್ಟು ಸರ್ತಿ ಹೇಳ್ಯಾರೋ ಲೆಕ್ಕಿಲ್ಲ.

ಈಗ ನನ್ನ ಮೊದಲನೇ ತಪ್ಪು. ಎರಡು ವರ್ಷದ ಹಿಂದ ಮಾವನೋರ ಸಹಸ್ರಚಂದ್ರ ದರ್ಶನ ಮಾಡಿದ್ವಿ. ಅವ್ರ ಹಳೇ ಯಂತ್ರ ಕೆಟ್ಟು ಹದಿನೈದು ವರ್ಷ ಆಗಿತ್ತು. ನನ್ನ ಭಿಶಿ ರೊಕ್ಕದಾಗ ಏಳು ಸಾವಿರ ಕೊಟ್ಟು ಆನ್‌ಲೈನ್‌ನ್ಯಾಗ ಒಂದು ಸೂಟಕೇಸಿನಂಥಾ ರಿಕಾರ್ಡ್ ಪ್ಲೇಯರ್ ತರಿಸಿದೆ. ಕೆಂಪು ರೆಕ್ಸಿನ್ ಹಚ್ಚಿದ್ದು, ಸ್ಪೀಕರ್ ಒಳಗ, ನೋಡಲಿಕ್ಕೆ ಭಾಳ ಛಂದ. ಮಾವನೋರ ಮುಖದ ಮ್ಯಾಲಿನ ಖುಷಿ ನೋಡಿ ನನಗ ದೊಡ್ಡ ಕೆಲಸಾ ಮಾಡಿದಂಗ ಅನಿಸ್ತು. ದಿನಾ ಸಂಜಿಗೆ ಮನ್ಸೂರ ಅವ್ರ ಒಂದು ಎಲ್‌ಪಿ ಹಚ್ಚತಿದ್ರು, ಅದರ ಚೀಲಾನೂ ಅತ್ತಿಯವ್ರು ಹೊಲದದ್ದ. ಆರು ತಿಂಗಳಿಗೆ ಆ ಎಲ್‌ಪಿ ಮ್ಯಾಲ ಬೂದು ಬಣ್ಣದ ಗೀರು ಕಂಡವು. ತಾರ ಸಪ್ತಕಕ್ಕ ಹೋದ ಕೂಡ್ಲೆ ದನಿ ಅರಿವಿ ಹರದಂಗ ಕೇಳಲಿಕ್ಕೆ ಹತ್ತು.

ಆಮ್ಯಾಲೆ ತಿಳೀತು. ಇಂಥಾ ಅಗ್ಗದ ಪೆಟ್ಟಿಗ್ಯಾಗ ಸಾಮಾನ್ಯ ಸೆರಾಮಿಕ್ ಕಾರ್ಟ್ರಿಜ್ ಇರ್ತದ. ಅದರ ಸೂಜಿ ರಿಕಾರ್ಡ್ ಮ್ಯಾಲ 5-6 ಗ್ರಾಂ ಭಾರ ಹಾಕ್ತದ, ಕಡಿಮಿ ಮಾಡಲಿಕ್ಕೆ ಬರಂಗಿಲ್ಲ. ಛಲೋ ಯಂತ್ರದಾಗ ಈ ಭಾರ 2 ಗ್ರಾಂ ಆಜುಬಾಜು ಇರ್ತದ. 2 ಗ್ರಾಂಗೂ 6 ಗ್ರಾಂಗೂ ಎಷ್ಟು ಫರಕು ಅಂತ ಬಂಗಾರದ ಅಂಗಡಿ ಮೆಟ್ಟಲಾ ಹತ್ತಿದವ್ರಿಗೆ ನಾ ಹೇಳೋದು ಬ್ಯಾಡ. ಅಷ್ಟು ಭಾರ ಹೊತ್ತ ಸೂಜಿ ದಿನಾ ಅದ ಗೀರಿನ್ಯಾಗ ಉಜ್ಜಿದ್ರ ರಿಕಾರ್ಡ್ ಉಳಿತದೇನು?

ವೇಗಾನೂ ತಪ್ಪಿತ್ತು. ಇದನ್ನ ನೋಡಲಿಕ್ಕೆ ಯಾವ ಉಪಕರಣಾನೂ ಬ್ಯಾಡ್ರಿ, ಒಂದು ಟಿಕಳಿ ಸಾಕು. ತಿರುಗೋ ತಟ್ಟಿ ಅಂಚಿಗೆ ಟಿಕಳಿ ಹಚ್ಚಿ, ರಿಕಾರ್ಡಿಟ್ಟು ಸೂಜಿ ಇಳಿಸಿ, ಗಡಿಯಾರ ನೋಡಿ ಮೂರು ಮಿನಿಟು ಸುತ್ತು ಎಣಸ್ರಿ. ಎಲ್‌ಪಿ ಆದ್ರ ಬರೋಬ್ಬರಿ 100 ಬರಬೇಕು. ನನ್ನ ಸೂಟಕೇಸಿಂದು 103 ಬಂತು. ಮೂರೇ ಸುತ್ತಲ್ಲ ಅಂತೀರಿ. ಆದ್ರ ಪೇಟಿಯೊಳಗ ಬಿಳಿ ಪಟ್ಟಿಗೂ ಅದರ ಬಾಜೂಕಿನ ಕರಿ ಪಟ್ಟಿಗೂ ಇರೋ ಅಂತರದ ಅರ್ಧದಷ್ಟು ಸ್ವರ ಮ್ಯಾಲ ಏರಿಬಿಡ್ತದ. ಹಾಡಿದವ್ರು ಜೀವ ತೇದು ಹಚ್ಚಿದ ಷಡ್ಜಾನ ನಮ್ಮ ಯಂತ್ರ ಬದಲಿ ಮಾಡೋದು ಯಾವ ನ್ಯಾಯ?

ಅವತ್ತಿಂದ ಆ ಪೆಟ್ಟಿಗಿ ಬಂದ್. ಮಾವನೋರು ಒಂದು ಮಾತೂ ಅನಲಿಲ್ಲ. ಅನ್ನದ ಇದ್ದದ್ದಕ್ಕ ನನಗ ಇನ್ನೂ ಕೆಟ್ಟ ಅನಿಸ್ತು.

ದೀಪಾವಳಿಗೆ ನಮ್ಮ ಹುಡುಗ ಬೆಂಗಳೂರಿಂದ ಬಂದ. ಅವಂಗ ಈ ಸ್ಟೀರಿಯೋ ಹುಚ್ಚು ಮೊದಲಿಂದ. ನಮ್ಮ ಪಡಸಾಲ್ಯಾಗ ಆಳೆತ್ತರದ ಎರಡು ಸ್ಪೀಕರ್, ಕಲ್ಲಿನಂಥಾ ಭಾರದ ಒಂದು ಆಂಪ್ಲಿಫೈಯರ್ ಹೋದ ವರ್ಷನ ತಂದು ಇಟ್ಟಾನ. ಈ ಸರ್ತಿ ಟರ್ನ್‌ಟೇಬಲ್ಲಿನ ಯಾದಿ ತಂದಿದ್ದ, ಕೂಡಿಸಿದ್ರ ಎರಡೂವರಿ ಲಕ್ಷ. ಅವರಪ್ಪ, “ಫೋನ್‌ನ್ಯಾಗ ಹಚ್ಚಿ ಇದ ಸ್ಪೀಕರಿಗೆ ಕೊಡು, ಮುಗೀತು” ಅಂದ್ರು. ನಾ ಕೇಳಿದ್ದಕ್ಕ ಇವ, “ಅಮ್ಮಾ, ನಿನಗ ಇದು ತಿಳಿಯಂಗಿಲ್ಲ ಬಿಡು” ಅಂದ. “ನಾನೂ ಪಿಯುಸಿ ಸೈನ್ಸ್ ಓದೀನಿ, ಅಯಸ್ಕಾಂತ, ಕಾಯಿಲು ಇನ್ನೂ ಮರತಿಲ್ಲ. ತಿಳಿಯೋ ಹಂಗ ಹೇಳು. ನನ್ನ ಭಿಶಿ ಇಪ್ಪತ್ತು ಸಾವಿರ ಇದರಾಗ ಹಾಕ್ತೀನಿ, ಅದಕ್ಕ ನನ್ನ ಮಾತೂ ನಡೀಬೇಕು” ಅಂದೆ. ಎರಡು ರಾತ್ರಿ ಕೂತು ಹೇಳಿದ. ನನಗ ತಿಳಿದದ್ದು ಇಷ್ಟು.

ಮೊದಲ ಸೂಜಿ. ರಿಕಾರ್ಡಿನ ಗೀರಿನ್ಯಾಗ ವಜ್ರದ ಸಣ್ಣ ತುದಿ ನಡುಗ್ತದ, ಆ ನಡುಕದಿಂದ ಕಾರ್ಟ್ರಿಜ್‌ನ್ಯಾಗ ವಿದ್ಯುತ್ ಹುಟ್ಟತದ. ಇದರಾಗ ಎರಡು ಪದ್ಧತಿ ಅವ. ಸೂಜಿ ಸಂಗಡ ಅಯಸ್ಕಾಂತ ಅಲುಗಿದ್ರ ಮೂವಿಂಗ್ ಮ್ಯಾಗ್ನೆಟ್, ಕಾಯಿಲು ಅಲುಗಿದ್ರ ಮೂವಿಂಗ್ ಕಾಯಿಲ್. ಎರಡನೇದು ಭಾಳ ನಾಜೂಕು, ತುಟ್ಟಿ, ಸೂಕ್ಷ್ಮ ಛಲೋ ಕೇಳಸ್ತದ ಅಂತ ಶೋಕಿನವ್ರು ಹೇಳ್ತಾರ. ಖರೇನೂ ಇದ್ದೀತು. ಆದ್ರ ಸೂಜಿ ಸವೆದ್ರ ಸಾಮಾನ್ಯವಾಗಿ ಇಡೀ ಕಾರ್ಟ್ರಿಜ್ಜ ಬದಲಿ ಮಾಡಬೇಕು. ಮೂವಿಂಗ್ ಮ್ಯಾಗ್ನೆಟ್ಟಿನ್ಯಾಗ ಸೂಜಿ ಅಷ್ಟ ಮನ್ಯಾಗ ಕಿತ್ತು ಹೊಸಾದು ಸಿಗಸಲಿಕ್ಕೆ ಬರ್ತದ.

ನಮ್ಮ ಟ್ರಂಕಿಗೆ ಇದರಿಂದ ಇನ್ನೊಂದು ಅನುಕೂಲ. 78ರ ಗೀರು ಅಗಲ. ಅದಕ್ಕ ಬೇಕಾದ ಸೂಜಿ ಎಲ್‌ಪಿ ಸೂಜಿಗಿಂತ ಸುಮಾರು ನಾಲ್ಕು ಪಟ್ಟು ದಪ್ಪ. ಎಲ್‌ಪಿ ಸೂಜಿನ ಅದಕ್ಕ ಹಚ್ಚಿದ್ರ ಗೀರಿನ ತಳಕ್ಕ ಇಳದು ಧೂಳದಾಗ ಹೊರಳಾಡ್ತದ, ಬರೇ ಚರಚರ. ಮ್ಯಾಗ್ನೆಟ್ಟಿನ ಕಾರ್ಟ್ರಿಜ್ ಇದ್ರ ಒಂದ ಕಾರ್ಟ್ರಿಜ್ಜಿಗೆ ಎರಡು ಸೂಜಿ ಇಟ್ಟುಕೊಂಡು ಬದಲಿಸಿದ್ರಾತು. ಆಡಿಯೋ-ಟೆಕ್ನಿಕಾ ಕಂಪನಿಯವ್ರು ಇಂಥಾವು ಮಾಡ್ತಾರ, 78ರ ಸೂಜಿ ಬ್ಯಾರೆ ಸಿಗ್ತದ. ಎಲ್‌ಪಿ ಸೂಜಿ 500ರಿಂದ 1000 ತಾಸು ಬಾಳಿಕಿ. ದಿನಾ ಒಂದು ತಾಸಿನಂಗ ಹಿಡದ್ರ ಹೆಚ್ಚಂದ್ರ ಮೂರು ವರ್ಷ. ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು ಬರಿಯೋ ಕ್ಯಾಲೆಂಡರಿನ್ಯಾಗ ನಾ ಸೂಜಿ ತಾರೀಖೂ ಬರದೀನಿ.

ಆಮ್ಯಾಲೆ ವೇಗ. ಹುಡುಗನ ಯಾದಿಯೊಳಗ ಇಂಗ್ಲಂಡಿನ ರೇಗಾ ಪ್ಲಾನರ್ 3 ಇತ್ತು. ಹೆಸರುವಾಸಿ ಯಂತ್ರ, ಪಟ್ಟಾದಿಂದ ತಿರುಗ್ತದ. ಆದ್ರ 33 ಮತ್ತ 45, ಎರಡ ವೇಗ. “ನಿಮ್ಮ ಅಜ್ಜಾರ ಅರ್ಧ ಟ್ರಂಕು 78 ಅದಲ್ಲೋ, ಅದನ್ನೇನು ಮಾಡ್ತಿ?” ಅಂತ ಕೇಳಿದೆ. ಸುಮ್ಮನಾದ. ಮೋಟರ್ ಸೀದಾ ತಟ್ಟಿಯ ಕೆಳಗ ಕೂತದ್ದಕ್ಕ ಡೈರೆಕ್ಟ್ ಡ್ರೈವ್ ಅಂತಾರ. ಜಪಾನಿನ ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಈ ಜಾತಿದು, 1972ರಿಂದ ಹೆಸರು ಮಾಡೇದ. ಈ ಜಾತಿಯ ಕೆಲವು ಯಂತ್ರದಾಗ ಮೂರೂ ವೇಗ ಇರ್ತಾವ, ವೇಗ ತುಸು ಹೆಚ್ಚು-ಕಡಿಮಿ ಮಾಡಲಿಕ್ಕೆ ಒಂದು ಪಟ್ಟೀನೂ ಇರ್ತದ. ಆ ಪಟ್ಟಿ ಬರೇ ಆಟದ ಸಾಮಾನಲ್ಲ. ಹಳೇ ಪ್ಲೇಟು ಎಲ್ಲಾ ಬರೋಬ್ಬರಿ 78ಕ್ಕ ಮುದ್ರಣ ಆದವಲ್ಲ, ಪೇಟಿ ಹಿಡದು ಸ್ವರ ಕೂಡಿಸಿಕೋಬೇಕಾಗ್ತದ.

ಅಂಗಡ್ಯಾಗ ಪರೀಕ್ಷಾ ಮಾಡೋದಿದ್ರ ಸಿನೆಮಾ ಹಾಡು ಹಚ್ಚಿಸಬ್ಯಾಡ್ರಿ. ತಂಬೂರಿ ಇರೋ ರಿಕಾರ್ಡ್ ಒಯ್ಯಿರಿ. ವೇಗ ಅಲುಗಾಡಿದ್ರ ತಂಬೂರಿ ದನಿ ತೇಲಾಡ್ತದ, ಯಾರೂ ಹೇಳೋದ ಬ್ಯಾಡ.

ಮೂರನೇದು ಫೋನೋ ಡಬ್ಬಿ. ರಿಕಾರ್ಡಿನ್ಯಾಗ ಗೀರು ಕೊರಿಯೋವಾಗ ಕೆಳಗಿನ ದಪ್ಪ ದನಿ ಕಡಿಮಿ ಮಾಡಿ, ಮ್ಯಾಲಿನ ಸಣ್ಣ ದನಿ ಹೆಚ್ಚು ಮಾಡಿ ಕೊರೀತಾರ. ಇಲ್ಲಾಂದ್ರ ಗೀರು ಅಗಲಾಗಿ ಅಷ್ಟು ಹಾಡು ಹಿಡಿಯೋದಿಲ್ಲ, ಸರಸರ ಸಪ್ಪಳಾನೂ ಹೆಚ್ಚಾಗ್ತದ. ನುಡಸೋವಾಗ ಇದನ್ನ ತಿರುಗಾ ಸರಿ ಮಾಡೋದು, ಸೂಜಿಯಿಂದ ಬಂದ ಒಂದೀಟು ವಿದ್ಯುತ್ ದೊಡ್ಡದು ಮಾಡೋದು ಈ ಡಬ್ಬಿ ಕೆಲಸ. ಮ್ಯಾಗ್ನೆಟ್ ಕಾರ್ಟ್ರಿಜ್ ಆದ್ರ ಸುಮಾರು 100 ಪಟ್ಟು, ಕಾಯಿಲಿಂದಾದ್ರ ಸುಮಾರು 1000 ಪಟ್ಟು. ಅದಕ್ಕ ತುಟ್ಟಿ ಕಾರ್ಟ್ರಿಜ್ ತಗೊಂಡ್ರ ಡಬ್ಬೀನೂ ತುಟ್ಟೀದ ಬೇಕು. ಒಂದು ಸೋಂಗಿಗೆ ಹತ್ತು ಬಟ್ಟಿ ಅನ್ನೋ ಹಂಗ. ನಿಮ್ಮ ಆಂಪ್ಲಿಫೈಯರ್ ಹಿಂದ ಫೋನೋ ಅಂತ ಬರದ ತೂತು ಇದ್ರ, ಇಲ್ಲಾ ಯಂತ್ರದಾಗ ಒಳಗ ಇದ್ರ, ಬ್ಯಾರೆ ಡಬ್ಬಿ ತಗೊಳ್ಳೋ ಜರೂರಿ ಇಲ್ಲ. ನಮ್ಮ ಹುಡುಗನ ಆಂಪ್ಲಿಫೈಯರಿನ್ಯಾಗ ಇದ್ದಿಲ್ಲ, ಯಂತ್ರದ ಒಳಗಿಂದು ಅವಂಗ ಮನಸ್ಸಿಗೆ ಬರಲಿಲ್ಲ. ಹನ್ನೆರಡು ಸಾವಿರದ್ದು ಒಂದು ತಂದ್ವಿ.

ಕಡೀಕ ಜಾಗಾ. ಇದು ಮಾತ್ರ ಹೆಣ್ಮಕ್ಕಳನ್ನ ಕೇಳದ ಯಾರೂ ನಿರ್ಧಾರ ಮಾಡಬಾರದು. ಹುಡುಗ ಸ್ಪೀಕರಿನ ನಡುವ ಕಟ್ಟಿಗಿ ಶೋಕೇಸಿನ ಮ್ಯಾಲ ಇಟ್ಟಿದ್ದ. ದನಿ ಏರಿಸಿದ್ರ ಸ್ಪೀಕರಿನ ನಡುಕ ಶೋಕೇಸಿಗೆ, ಅಲ್ಲಿಂದ ಸೂಜಿಗೆ, ಗುಂಯ್ ಅಂತಿತ್ತು. ಗ್ವಾಡ್ಯಾಗ ಹೂಳಿದ ಕಡಪಾ ಕಲ್ಲಿನ ಮ್ಯಾಲಿಂದ ನನ್ನ ಹಿತ್ತಾಳಿ ಸಾಮಾನು ತಗದು ಅಲ್ಲೆ ಇಡಸಿದೆ. ಗುಂಯ್ ನಿಂತು. ಸಣ್ಣ ಹಮ್ ಉಳದಿತ್ತು. ಹಿಂದ ಧೂಳಾ ಒರಸಲಿಕ್ಕೆ ಹೋದಾಗ ಒಂದು ತೆಳ್ಳನ್ನ ವಾಯರ್ ಜೋತಾಡ್ತಿತ್ತು. ಅದು ಡಬ್ಬಿಗೆ ತಿರುಪಿನಿಂದ ಬಿಗೀಬೇಕಾದ ಅರ್ಥ್ ವಾಯರ್. ಬಿಗದ್ವಿ, ಅದೂ ಹೋತು.

ಯಂತ್ರ ನಲವತ್ತು ಸಾವಿರ, ಡಬ್ಬಿ ಹನ್ನೆರಡು, ಇನ್ನೊಂದು ಸೂಜಿ, ಸೂಜಿ ಭಾರ ನೋಡೋ ಸಣ್ಣ ತಕ್ಕಡಿ, ಬ್ರಶ್ ಎಲ್ಲಾ ಸೇರಿ ಅರವತ್ತು ಸಾವಿರದಾಗ ಮುಗೀತು. ಎರಡೂವರಿ ಲಕ್ಷ ಎಲ್ಲೆ, ಅರವತ್ತು ಸಾವಿರ ಎಲ್ಲೆ. ನನಗ ಸ್ವಲ್ಪ ಸೊಕ್ಕೂ ಬಂತು ಅನ್ರಿ.

ಆ ಸೊಕ್ಕು ಒಂದ ದಿನಕ್ಕ ಇಳೀತು. ಮಾವನೋರನ್ನ ಕುರ್ಚಿ ಹಾಕಿ ಕೂಡಿಸಿ, ಭೀಮಸೇನರ ಎಲ್‌ಪಿ ಹಚ್ಚಿದ್ವಿ. ಕಣ್ಣು ಮುಚ್ಚಿ ಕೇಳಿದ್ರು. ಹತ್ತು ಮಿನಿಟು ಆದಮ್ಯಾಲೆ ಕಣ್ಣು ತಗದು, “ಛಲೋ ಅದ. ಆದ್ರ ತಂಬೂರಿ ಎಲ್ಲಿ ಹೋತು?” ಅಂದ್ರು.

ನಮಗ ಎಲ್ಲಾರಿಗೂ ತಂಬೂರಿ ಸ್ವಚ್ಛ ಕೇಳತಿತ್ತು. ಹುಡುಗ, “ಇದಕ್ಕ ನಾ ಮೂವಿಂಗ್ ಕಾಯಿಲ್ ಅಂದದ್ದು” ಅಂತ ಅರವತ್ತು ಸಾವಿರದ ಕಾರ್ಟ್ರಿಜ್ ಆರ್ಡರ್ ಮಾಡಲಿಕ್ಕೆ ಫೋನ್ ತಗದ. ನಾ ತಡದೆ. ಒಂದು ವರ್ಷದಿಂದ ನಾ ಮಾವನೋರಿಗೆ ಪ್ರತಿ ಮಾತು ಎರಡು ಸರ್ತಿ ಹೇಳ್ತಿದ್ದೆ. ಮೊಮ್ಮಗಳು ಮಾತಾಡಿದ್ರ ಬರೇ ನಗ್ತಿದ್ರು. ವಯಸ್ಸಾತು ಬಿಡು ಅಂತ ನಾವ ಸುಮ್ಮನಿದ್ವಿ. ಯಂತ್ರಕ್ಕ ಎರಡು ರಾತ್ರಿ ಚರ್ಚಾ ಮಾಡಿದವ್ರು ಅವ್ರ ಕಿವಿ ತೋರಸಬೇಕು ಅಂತ ಒಬ್ಬರೂ ಅಂದಿದ್ದಿಲ್ಲ. ಇದು ನನ್ನ ಎರಡನೇ ತಪ್ಪು, ಮೊದಲನೇದಕ್ಕಿಂತ ದೊಡ್ಡದು.

ಕಿವಿ ಡಾಕ್ಟರ ಕಡೆ ಹೋದ್ವಿ. ಸಪ್ಪಳಿಲ್ಲದ ಖೋಲ್ಯಾಗ ಕೂಡಿಸಿ ಪರೀಕ್ಷಾ ಮಾಡಿ ನಕ್ಷಾ ಕೊಟ್ಟರು. ಕೆಳಗಿನ ದನಿ ಬೇಕಾದಷ್ಟು ಕೇಳಸ್ತಾವ, ಮ್ಯಾಲಿನ ಸಣ್ಣ ದನಿ ಕೇಳಸಂಗಿಲ್ಲ. ವಯಸ್ಸಾದವ್ರಿಗೆ ಹಿಂಗ ಆಗೋದು ಸಾಮಾನ್ಯ. ತಂಬೂರಿಯ ಝೇಂಕಾರ ಇರೋದ ಆ ಮ್ಯಾಲಿನ ದನಿಯೊಳಗ. ಆ ಅರವತ್ತು ಸಾವಿರ ಎರಡು ಕಿವಿ ಮಶೀನಿಗೆ ಹೋತು.

ಅಲ್ಲಿಗೂ ಮುಗೀಲಿಲ್ಲ. ಮಶೀನ್ ಹಾಕಿಕೊಂಡ ದಿನಾನ ಮೊಮ್ಮಗಳ ಸಂಗಡ ಮಾತಾಡಿದ್ರು. ಆದ್ರ ರಿಕಾರ್ಡ್ ಹಚ್ಚಿದ್ರ, “ತಂಬೂರಿ ಒಮ್ಮೆ ಬರ್ತದ, ಒಮ್ಮೆ ಮಾಯ ಆಗ್ತದ” ಅಂದ್ರು. ತಿರುಗಾ ಹೋದ್ವಿ. ಮಶೀನ್ ಕೂಡಸೋ ಬಾಯಿ ಭಾಳ ಶಾಣ್ಯಾಕಿ. ಈ ಮಶೀನ್ ಮಾತು ಕೇಳಲಿಕ್ಕೆ ಮಾಡಿದ್ದು, ಒಂದ ಸಮ ಬರೋ ದನಿ ಫ್ಯಾನಿನ ಸಪ್ಪಳ ಇಲ್ಲಾ ತನ್ನದ ಸೀಟಿ ಅಂತ ತಿಳದು ಅಡಗಸಲಿಕ್ಕೆ ನೋಡ್ತದ ಅಂತ ಹೇಳಿದ್ಲು. ಸಂಗೀತಕ್ಕ ಅಂತ ಬ್ಯಾರೆ ಒಂದು ಸೆಟ್ಟಿಂಗ್ ಮಾಡಿ, ಒಂದು ಗುಂಡಿ ಒತ್ತಿದ್ರ ಅದು ಬರೋ ಹಂಗ ಕೊಟ್ಲು.

ಅವತ್ತು ಸಂಜಿಗೆ ಅದ ಎಲ್‌ಪಿ ಹಚ್ಚಿದ್ವಿ. ಹಾಡು ಸುರು ಆಗೋ ಮೊದಲ ಮಾವನೋರು ಅಂದ್ರು, “ಹಾಂ. ಜವಾರಿ ಛಲೋ ಹಚ್ಯಾರ.” ಅಷ್ಟ ಅಂದದ್ದು.

ಮರುದಿನ ಅವ್ರ ಆ ಮನ್ಸೂರ ಅವ್ರ ಎಲ್‌ಪಿ ಕೇಳಿದ್ರು. ನನ್ನ ಎದಿ ಧಸಕ್ಕ ಅಂತು. ಹಚ್ಚಿದೆ. ಈಗ ಕಿವಿ ಛಲೋ ಆಗ್ಯಾವ, ಹರದ ದನೀನೂ ಅವ್ರಿಗೆ ಸ್ವಚ್ಛ ಕೇಳಿಸ್ತು. “ಇದು ಮೊದಲ ಹಿಂಗ ಇದ್ದಿಲ್ಲಲ್ಲ?” ಅಂದ್ರು. ಸೂಟಕೇಸಿನ ಸೂಜಿ ಕೆಡಿಸ್ತು, ನಾನ ತಂದದ್ದು ಅಂತ ಖರೇ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, “ಹೋಗ್ಲಿ ಬಿಡವಾ. ನೀ ತರದಿದ್ರ ಟ್ರಂಕಿನ್ಯಾಗ ಇರ್ತಿತ್ತು, ಅಲ್ಲಿದ್ರೂ ನಾ ಕೇಳತಿದ್ದಿಲ್ಲ” ಅಂದ್ರು. ಅವ್ರ ಹೋಗ್ಲಿ ಬಿಡು ಅಂದ್ರೂ ಗೀರು ತಿರುಗಾ ತುಂಬಂಗಿಲ್ಲ. ಅದಕ್ಕ ಇಷ್ಟು ಬರೀಲಿಕ್ಕೆ ಹತ್ತೀನಿ.

ಎದುರುಮನಿ ವೈನಿ ಮಾತಿಗೆ ಬರ್ತೀನಿ. ಮೊಬೈಲಿನ್ಯಾಗ ಬರ್ತದಲ್ಲ ಅಂದ್ರು. ಬರ್ತದ. ನಿಮ್ಮ ಮನ್ಯಾಗ ಒಂದೂ ರಿಕಾರ್ಡ್ ಇಲ್ಲಾಂದ್ರ ಮೊಬೈಲಿನ್ಯಾಗ ಕೇಳ್ರಿ, ಈ ಉಸಾಬರಿ ಬ್ಯಾಡ. ಹೊಸ ಎಲ್‌ಪಿ ಒಂದೊಂದಕ್ಕ ಎರಡು-ಮೂರು ಸಾವಿರ ಹಾಕಿ ಶೋಕಿ ಸುರು ಮಾಡ್ರಿ ಅಂತ ನಾ ಯಾರಿಗೂ ಹೇಳಂಗಿಲ್ಲ. ಆದ್ರ ನಮ್ಮ ಟ್ರಂಕಿನ್ಯಾಗಿನ ಹಳೇ ನಾಟಕದ ಹಾಡಿನ ಪ್ಲೇಟು ನಾ ಫೋನಿನ್ಯಾಗ ಹುಡುಕೀನಿ, ನನಗ ಸಿಕ್ಕಿಲ್ಲ. ಅಂಥಾವು ನಿಮ್ಮ ಅಟ್ಟದ ಮ್ಯಾಲೂ ಇದ್ದಾವು. ರದ್ದಿಯವಗ ಕೊಡಬ್ಯಾಡ್ರಿ, ಕೆಳಗ ಇಳಸ್ರಿ. ಅಟ್ಟದ ಬಿಸಲಿಗೆ ಎಲ್‌ಪಿ ಸೊಟ್ಟಾಗ್ತಾವ. ಒಂದರ ಮ್ಯಾಲೊಂದು ಹೇರಬ್ಯಾಡ್ರಿ, ಪುಸ್ತಕದಂಗ ನಿಲ್ಲಸ್ರಿ. ಸೆರಗಿನಿಂದ ಒರಸೋ ಚಟ ಇದ್ರ ಬಿಡ್ರಿ, ಧೂಳು ಗೀರಿನೊಳಗ ಇಳೀತದ, ಬ್ರಶ್ ಹಚ್ಚರಿ. ಅರಗಿನ ಪ್ಲೇಟಿಗೆ ಸ್ಪಿರಿಟ್ ಮುಟ್ಟಸಬ್ಯಾಡ್ರಿ, ಅರಗು ಕರಗ್ತದ. ಅತ್ತಿಯವ್ರ ಬಟ್ಟಿ ಚೀಲ ನಾ ಬಿಟ್ಟಿಲ್ಲ, ಒಳಗ ತೆಳ್ಳನ್ನ ಪ್ಲಾಸ್ಟಿಕ್ ಕವರ್ ಹಾಕಿ ಮ್ಯಾಲ ಅದನ್ನ ಹಾಕೀನಿ.

ಯಂತ್ರ ತಗೊಳ್ಳೋ ದಿನ ಗಂಡಸರು ಯಾದಿ ಹಿಡದು ಕೂತ್ರ, ನೀವೂ ಒಂದು ಕುರ್ಚಿ ಹಾಕ್ಕೊಂಡು ಕೂಡ್ರಿ. ಮನ್ಯಾಗ ಎಂಥಾ ರಿಕಾರ್ಡ್ ಅವ, ಸೂಜಿ ಭಾರ ಎಷ್ಟು, ಸವೆದ್ರ ಹೊಸಾ ಸೂಜಿಗೆ ಎಷ್ಟು, ಮೂರು ಮಿನಿಟಿಗೆ ನೂರು ಸುತ್ತು ಬರ್ತಾವೋ ಇಲ್ಲೋ, ಎಲ್ಲಿ ಇಡೋದು, ಯಾರು ಒರಸೋದು, ಇಷ್ಟು ಕೇಳ್ರಿ. ಎಲ್ಲಾಕ್ಕಿಂತ ಮೊದಲ, ಯಾರು ಕೇಳಬೇಕಂತ ಇದನ್ನ ತರ್ತೀರೋ ಅವ್ರ ಕಿವಿ ಒಮ್ಮೆ ತೋರಸ್ಕೊಂಡು ಬರ್ರಿ.

ಕುಕ್ಕರ್ ನಾಕನೇ ಸೀಟಿ ಆತು. ಮಾವನೋರು ಒಳಗಿಂದ, “ಸೀಟಿ ಆತು ನೋಡವಾ” ಅಂತ ಕೂಗಲಿಕ್ಕೆ ಹತ್ಯಾರ. ಹೋಗ್ತೀನಿ. ಸಂಜಿಮುಂದ ಚಹಾಕ್ಕ ಬರ್ರಿ ವೈನಿ, ಒಂದು ಮಗ್ಗಲು ಕೇಳಿಕೊಂಡು ಹೋಗ್ರಿ.